ಹನ್ನೊಂದು ಕಲ್ಲಿಗೆ ಕುಂಕುಮ

ನನಗೆ ತೊಳೆಯುವ ಚಟವಿದೆ. ಇಸ್ಪೀಟಿನ ಚಟ, ನಶ್ಯದ ಚಟಗಳ ಸಾಲಿನಲ್ಲಿ ಇದನ್ನು ಯಾರೂ ಸೇರಿಸುವುದಿಲ್ಲ. ಬದಲಿಗೆ ಬಂದ ನೆಂಟರೆಲ್ಲ ಹೊಗಳುತ್ತಾರೆ. ಸ್ಕೂಟರಿನ ಚಕ್ರ, ಹವಾಯಿ ಚಪ್ಪಲಿಯ ಪಟ್ಟಿ, ತೆಂಗಿನಕಾಯಿಯ ಚಿಪ್ಪು, ಒಮ್ಮೆ ಟೀವಿಯ ರಿಮೋಟು, ಹೀಗೆ ಕೈಗೆ ಸಿಕ್ಕಿದ್ದನ್ನು ತೊಳೆಯದೆ ಬಿಟ್ಟವನಲ್ಲ ನಾನು. ರಿಮೋಟು ಆಮೇಲೆ ಕೆಲಸ ಮಾಡಲಿಲ್ಲ, ಆದರೆ ಚೆನ್ನಾಗಿ ಹೊಳೆಯುತ್ತಿತ್ತು. ಅದಕ್ಕೆಲ್ಲ ನಾನು ನಾಚಿಕೊಂಡವನಲ್ಲ. ನಾಚಿಕೆಯಿರುವುದು ಹನ್ನೊಂದು ಕಲ್ಲುಗಳ ವಿಷಯದಲ್ಲಿ. ಅದನ್ನು ನೆನೆದರೆ ಈಗಲೂ, ಒಬ್ಬನೇ ಕೂತಿದ್ದರೂ, ಕಿವಿ ಬಿಸಿಯಾಗುತ್ತದೆ.

ಕಲ್ಲುಗಳು ನನ್ನ ಅಕ್ಕನ ಮಗಳು ವೈಜಯಂತಿಯವು. ಅಕ್ಕ-ಭಾವ ನೌಕರಿಯ ವರ್ಗಾವಣೆಯಲ್ಲಿ ವಿಜಯವಾಡಕ್ಕೆ ಬಂದು ಅಲ್ಲೇ ಉಳಿದವರು. ವೈಜು ಅಲ್ಲೇ ಹುಟ್ಟಿ ಬೆಳೆದವಳು. ಅವಳ ಕನ್ನಡಕ್ಕೆ ಮನೆಯವರು ಮತ್ತು ನಾವು ಬಿಟ್ಟರೆ ಬೇರೆ ಗಿರಾಕಿಗಳಿಲ್ಲ. ಸಿಟ್ಟು ಬಂದರೆ ತೆಲುಗು, ಪಾಠದ ಮಾತು ಬಂದರೆ ಇಂಗ್ಲಿಷು, ಹಸಿವಾದರೆ ಮಾತ್ರ ವಿಜಯಪುರದ ಶುದ್ಧ ಕನ್ನಡ. ವಿಶಾಖಪಟ್ಟಣದಲ್ಲಿ ಭೂವಿಜ್ಞಾನದ ಸಂಶೋಧನೆ ಮಾಡುತ್ತಾಳೆ. ನಾನಿರುವುದು ಅದೇ ಊರಿನ ಮಧುರವಾಡದಲ್ಲಿ. ಹಾಸ್ಟೆಲಿನ ಊಟ ಬೇಸರವಾದಾಗಲೆಲ್ಲ ಮಾಮಾನ ಮನೆ ನೆನಪಾಗುತ್ತದೆ.

ಅವಳು ಓದುವುದು ಲಾವಾ ಹೇಗೆ ಆರುತ್ತದೆ ಎಂಬುದನ್ನು. ಮೊದಲ ಸಲ ಹೇಳಿದಾಗ ನನಗೆ ನಗು ಬಂದಿತ್ತು. ಬಿಸಿಯಾದದ್ದು ಆರುತ್ತದೆ, ಅದರಲ್ಲಿ ಓದುವುದಕ್ಕೇನಿದೆ? ಅದೂ ಬಸಾಲ್ಟ್, ಅಂದರೆ ನಮ್ಮೂರ ಕರಿಕಲ್ಲು. ಬೀಸುವ ಕಲ್ಲು, ಒಳಕಲ್ಲು, ಮನೆಯ ಮೆಟ್ಟಿಲು, ನಾನು ಬಿದ್ದು ಹಲ್ಲು ಮುರಿದುಕೊಂಡ ಕಟ್ಟೆ ಎಲ್ಲವೂ ಅದೇ. ಆ ಕಲ್ಲಿನ ಮೇಲೆ ನನಗೊಂದು ಪಿತ್ರಾರ್ಜಿತ ಹಕ್ಕಿದೆ ಎಂದುಕೊಂಡಿದ್ದೆ. ಅದು ಒಂದು ಕಾಲಕ್ಕೆ ಬೆಂಕಿಯಾಗಿ ಹರಿದದ್ದು ಎಂದು ನನಗೆ ಹೇಳಿಕೊಡಲು ವಿಜಯವಾಡದಲ್ಲಿ ಹುಟ್ಟಿದ ಹುಡುಗಿ ಬರಬೇಕಾಯಿತು.

ಅವಳು ಹೇಳಿದ್ದು ಇಷ್ಟು. ಲಾವಾ ಬೇಗ ಆರಿದರೆ ಹರಳುಗಳು ಏಕಕಾಲಕ್ಕೆ ಲೆಕ್ಕವಿಲ್ಲದಷ್ಟು ಕಡೆ ಹುಟ್ಟುತ್ತವೆ, ಆದರೆ ಯಾವುದಕ್ಕೂ ಬೆಳೆಯಲು ಪುರಸೊತ್ತಿರುವುದಿಲ್ಲ. ತೀರಾ ಬೇಗ ಆರಿದರೆ ಹರಳೇ ಇಲ್ಲ, ಬರೀ ಗಾಜು. ನಿಧಾನವಾಗಿ ಆರಿದರೆ ಕೆಲವೇ ಹರಳು ಹುಟ್ಟಿ, ಕೂತಲ್ಲೇ ಉಂಡು ದೊಡ್ಡದಾಗುತ್ತವೆ. ಕಲ್ಲುಸಕ್ಕರೆ ಮಾಡುವವರಿಗೆ ಇದು ಗೊತ್ತಿರುವ ವಿದ್ಯೆಯೇ. ಹಾಗಾಗಿ ಒಂದು ಲಾವಾ ಪದರದ ಬುಡ ಮತ್ತು ನೆತ್ತಿಯಲ್ಲಿ ಹರಳು ಸಣ್ಣ, ನಡುವೆ ದಪ್ಪ. ವಿಜ್ಞಾನಿಗಳು ಬುಡದಿಂದ ನೆತ್ತಿಯವರೆಗೆ ಅಳತೆ ಹಿಡಿದು ಕಲ್ಲು ಒಡೆದು ತರುತ್ತಾರೆ, ಒಂದೊಂದರಿಂದ ಕೂದಲಿಗಿಂತ ತೆಳ್ಳಗಿನ ಬಿಲ್ಲೆ ಕತ್ತರಿಸಿ ಗಾಜಿಗೆ ಅಂಟಿಸುತ್ತಾರೆ, ಸೂಕ್ಷ್ಮದರ್ಶಕದಲ್ಲಿ ಹರಳುಗಳನ್ನು ಎಣಿಸಿ ಅಳೆಯುತ್ತಾರೆ. ಇನ್ನೊಂದು ಕಡೆ ಅದೇ ಕಲ್ಲನ್ನು ಪುಡಿಮಾಡಿ, ಪ್ಲಾಟಿನಮ್ಮಿನ ಪುಟ್ಟ ಬಟ್ಟಲಲ್ಲಿಟ್ಟು, ಸಾವಿರದಿನ್ನೂರು ಡಿಗ್ರಿ ದಾಟಿಸಿ ಕುಲುಮೆಯಲ್ಲಿ ಕರಗಿಸುತ್ತಾರೆ. ಆಮೇಲೆ ಗಂಟೆಗೆ ಎರಡೋ ಮೂರೋ ಡಿಗ್ರಿಯಂತೆ ದಿನಗಟ್ಟಲೆ ಇಳಿಸುತ್ತ ಬಂದು, ಬೇಕಾದ ಹೊತ್ತಿಗೆ ಬಟ್ಟಲನ್ನು ನೀರಿಗೆ ಬೀಳಿಸುತ್ತಾರೆ. ಅಲ್ಲಿಗೆ ಎಲ್ಲ ಇದ್ದಲ್ಲೇ ನಿಲ್ಲುತ್ತದೆ. ಹೀಗೆ ತಾವು ತಣಿಸಿದ ಹರಳನ್ನೂ ಭೂಮಿ ತಣಿಸಿದ ಹರಳನ್ನೂ ಹೋಲಿಸಿ, ಯಾರೂ ನೋಡದ ಕಾಲದಲ್ಲಿ ಆ ಲಾವಾ ಎಷ್ಟು ನಿಧಾನವಾಗಿ ತಣ್ಣಗಾಯಿತೆಂದು ಹೇಳುತ್ತಾರೆ.

ಇದೆಲ್ಲದಕ್ಕೂ ಮುಖ್ಯವಾದದ್ದು ಒಂದೇ: ಯಾವ ಕಲ್ಲು ಎಷ್ಟು ಎತ್ತರದ್ದು ಎಂಬುದು. ಅದನ್ನು ಅವಳು ನನಗೆ ಹೇಳಿದ್ದಳು. ನಾನು ಹೂಂಗುಟ್ಟಿಯೂ ಇದ್ದೆ.

ವಿಶಾಖಪಟ್ಟಣ-ವಿಜಯವಾಡಗಳ ನಡುವೆ, ರಾಜಮಹೇಂದ್ರವರದ ಆಚೀಚೆ, ಕರಿಕಲ್ಲಿನ ಕ್ವಾರಿಗಳಿವೆ. ಹೋದ ವರ್ಷದ ದಸರೆಗೆ ಮುಂಚೆ ವೈಜು ಅಲ್ಲೊಂದು ಗೋಡೆಯಿಂದ ಹನ್ನೊಂದು ಕಲ್ಲು ಒಡೆದು ತಂದಳು. ಕಲ್ಲಿನ ಧೂಳಿನ ಮೇಲೆ ಮಾರ್ಕರು ಹಿಡಿಯಲಿಲ್ಲವೆಂದು ಒಂದೊಂದಕ್ಕೂ ಗಾಯಕ್ಕೆ ಹಚ್ಚುವ ಬಿಳಿ ಪಟ್ಟಿ ಅಂಟಿಸಿ, ಅದರ ಮೇಲೆ ಬುಡದಿಂದ ನೆತ್ತಿಗೆ ಒಂದರಿಂದ ಹನ್ನೊಂದರವರೆಗೆ ನಂಬರು ಬರೆದಿದ್ದಳು. ಚೀಲವನ್ನು ನಮ್ಮ ಬಾಲ್ಕನಿಯಲ್ಲಿಟ್ಟು, ಹಬ್ಬಕ್ಕೆಂದು ವಿಜಯವಾಡದ ರೈಲು ಹತ್ತಿದಳು.

ಮರುದಿನ ಖಂಡೇನವಮಿ. ನಮ್ಮ ಕಡೆ ಅಂದು ದುಡಿಯುವ ಸಾಮಾನುಗಳನ್ನೆಲ್ಲ ತೊಳೆದು ಪೂಜೆ ಮಾಡುತ್ತಾರೆ. ಸ್ಕೂಟರು, ಮಿಕ್ಸಿ, ಈಳಿಗೆಮಣೆ, ಲ್ಯಾಪ್‌ಟಾಪು ಎಲ್ಲ ಸಾಲಾಗಿ ಕೂತವು. ಆಗ ನನಗೊಂದು ಘನವಾದ ವಿಚಾರ ಹೊಳೆಯಿತು. ಓದುವ ಹುಡುಗಿಗೆ ಇವೇ ಆಯುಧಗಳಲ್ಲವೇ? ಬಕೆಟ್ಟಿನಲ್ಲಿ ಸೋಪಿನ ಪುಡಿ ಕದಡಿ ಹನ್ನೊಂದನ್ನೂ ನೆನೆಹಾಕಿ, ಬಟ್ಟೆ ತಿಕ್ಕುವ ಬ್ರಶ್ಶಿನಿಂದ ಉಜ್ಜಿದೆ. ಸಾಲಾಗಿಟ್ಟು, ಒಂದೊಂದಕ್ಕೂ ವಿಭೂತಿ ಎಳೆದು, ಕುಂಕುಮವಿಟ್ಟು, ಚೆಂಡುಹೂ ಏರಿಸಿದೆ. ಹೆಂಡತಿ ಸರೋಜಾ ಆರತಿ ಹಿಡಿದು ಬಂದವಳು, "ಇದೇನ್ರೀ, ಹನ್ನೊಂದು ಲಿಂಗಾ ಪ್ರತಿಷ್ಠಾಪನಾ ಮಾಡೀರಲ್ಲ!" ಎಂದು ನಕ್ಕಳು. ನಾನೂ ನಕ್ಕೆ. ನಗುತ್ತಲೇ ಬಕೆಟ್ಟಿನ ನೀರು ಚೆಲ್ಲಲು ಹೋದೆ. ನೀರಿನ ಮೇಲೆ ಹನ್ನೊಂದು ಬಿಳಿ ಪಟ್ಟಿಗಳು ತೇಲುತ್ತಿದ್ದವು.

ಇಲ್ಲಿಯವರೆಗಿನದು ತಪ್ಪು. ನಾಚಿಕೆ ಶುರುವಾಗುವುದು ಇಲ್ಲಿಂದ. ಆಗಲೇ ಫೋನು ಮಾಡಿದ್ದರೆ ಎರಡು ಬೈಗುಳದಲ್ಲಿ ಮುಗಿಯುತ್ತಿತ್ತು. ನಾನು ಹಾಗೆ ಮಾಡಲಿಲ್ಲ. ಕಲ್ಲುಗಳ ವಿಭೂತಿ-ಕುಂಕುಮ ಒರೆಸಿ, ಪಟ್ಟಿಗಳನ್ನು ಕ್ಲಿಪ್ಪು ಹಾಕಿ ಹಗ್ಗದ ಮೇಲೆ ಒಣಗಿಸಿದೆ. ಎಲ್ಲ ಕಲ್ಲೂ ಕಪ್ಪೇ. ಯಾವುದರದು ಯಾವುದೆಂದು ಹೇಗೆ ಹೇಳುವುದು? ಗುಳಿಗುಳಿಯಾಗಿ ವಿಕಾರವಾಗಿದ್ದದ್ದು ಕೆಳಗಿನದಿರಬೇಕೆಂದು ಅದಕ್ಕೆ ಒಂದನೇ ನಂಬರು ಕೊಟ್ಟೆ. ಅಂದವಾಗಿದ್ದದ್ದಕ್ಕೆ ಹನ್ನೊಂದು. ಉಳಿದವಕ್ಕೆ ಕೈ ಹೋದಂತೆ ಅಂಟಿಸಿದೆ. ಅಳಿಸಿಹೋಗಿದ್ದ ಮೂರು ನಂಬರುಗಳನ್ನು ಅವಳ ಅಕ್ಷರದಂತೆಯೇ ತಿದ್ದಿದೆ. ಕಲ್ಲು ಕಲ್ಲೇ ತಾನೇ, ಎಂದು ನನಗೆ ನಾನೇ ಹೇಳಿಕೊಂಡೆ.

ನನ್ನ ಹೊಟ್ಟೆಪಾಡಿನ ಕೆಲಸ ಯಾವುದೆಂದು ಇನ್ನೂ ಹೇಳಿಲ್ಲ. ಹೇಳಲು ಬಾಯಿ ಬರುತ್ತಿರಲಿಲ್ಲ. ಅಚ್ಯುತಾಪುರದ ಒಂದು ಔಷಧ ಕಾರ್ಖಾನೆಯಲ್ಲಿ ಗುಣಮಟ್ಟದ ವಿಭಾಗದವನು ನಾನು. ಹೊಸದಾಗಿ ಸೇರಿದವರಿಗೆ ಪ್ರತಿ ಸೋಮವಾರ ದಾಖಲೆ ಬರೆಯುವುದನ್ನು ಕಲಿಸುತ್ತೇನೆ. ಕಣ್ಣಾರೆ ಕಂಡದ್ದನ್ನು ಕಂಡಾಗಲೇ ಬರೆಯಬೇಕು. ತಪ್ಪಾದರೆ ವೈಟ್ನರು ಬಳಿಯಕೂಡದು, ಗೀಚಿ ಮುಚ್ಚಕೂಡದು. ಕೆಳಗಿನ ತಪ್ಪು ಓದಲು ಬರುವಂತೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು, ಸಹಿ ಮತ್ತು ತಾರೀಖು ಹಾಕಬೇಕು. ದಸರೆಯ ಮರುವಾರದ ತರಗತಿಯಲ್ಲಿ ಒಬ್ಬ ಹುಡುಗಿ ಎದ್ದು, ನಂಬರು ಮರೆತುಹೋದರೆ ಅಂದಾಜಿನಲ್ಲಿ ಬರೆಯಬಹುದೇ ಎಂದು ತೆಲುಗಿನಲ್ಲಿ ಕೇಳಿದಳು. ನಾನು ಕಾಲು ಗಂಟೆ ಭಾಷಣ ಮಾಡಿದೆ. ನಂಬಿ ಔಷಧಿ ನುಂಗುವ ರೋಗಿಯನ್ನು ನೆನೆಯಿರಿ ಎಂದೆ. ನನ್ನ ದನಿಯಲ್ಲಿ ಭಾವಾವೇಶವಿತ್ತೆಂದು ಆಮೇಲೆ ಯಾರೋ ಹೊಗಳಿದರು. ಬಸ್ಸಿನಲ್ಲಿ ದಿನವೂ ಬರುವ ನಿದ್ದೆ ಅಂದು ಬರಲಿಲ್ಲ.

ಒಂದು ತಿಂಗಳ ಮೇಲೆ ವೈಜು ನನ್ನನ್ನು ಲ್ಯಾಬಿಗೆ ಕರೆದೊಯ್ದಳು. ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟೆ. ನಾನು ಬಿದ್ದು ಹಲ್ಲು ಮುರಿದುಕೊಂಡ ಕರಿಕಲ್ಲಿನೊಳಗೆ ನೀಲಿ, ಕಿತ್ತಳೆ, ಬಿಳಿ-ಬೂದು ಪಟ್ಟೆಗಳು; ಇಳಕಲ್ ಸೀರೆಯ ಅಂಗಡಿ ತೆರೆದಿಟ್ಟಂತಿತ್ತು. ಇಷ್ಟು ಚೆಲುವಾದದ್ದನ್ನು ನಾನು ಕೆಡಿಸಿದ್ದೆ. ಕಣ್ಣೆತ್ತಲು ಮನಸ್ಸಾಗದೆ ಬಹಳ ಹೊತ್ತು ಬಗ್ಗಿಯೇ ಇದ್ದೆ. ಮಾಮಾನಿಗೆ ಎಷ್ಟು ಆಸಕ್ತಿ ಎಂದು ಅವಳಿಗೆ ಖುಷಿಯಾಯಿತು.

"ಮಾಮಾ, ಒಂದು ವಿಚಿತ್ರ ಅದ," ಎಂದಳು. "ನಡುವಿನ ಕಲ್ಲಾಗ ಹರಳು ಸಣ್ಣ ಅವ, ತುದಿಯಾಗ ದಪ್ಪ. ಹಂಗ ಆಗಬಾರದು. ಎರಡು ಲಾವಾ ಒಂದರ ಮ್ಯಾಲ ಒಂದು ಬಂದಾವೇನೋ ಅಂತಾರ ನಮ್ಮ ಗೈಡು. ಮತ್ತ ಒಂದನೇ ನಂಬರಿನ ಗುಳಿಯೊಳಗ ಏನೋ ಕೆಂಪು ಖನಿಜ ಅದ, ಅದರ ಬಗ್ಗೆ ಅರ್ಧ ಪುಟ ಬರದೀನಿ."

ಹೇಳಬೇಕಾದ ಗಳಿಗೆ ಅದೇ. ನಾನು "ಹೌದಾ?" ಎಂದೆ.

ಅಲ್ಲಿಂದ ಮುಂದೆ ಅವಳು ಕುಲುಮೆಯ ಪ್ರಯೋಗವನ್ನು ಮೂರು ಸಲ ಮಾಡಿದಳು. ಗಂಟೆಗೆ ಮೂರು ಡಿಗ್ರಿ ಇಳಿಸಿ ನೋಡಿದಳು, ಎರಡು ಇಳಿಸಿ ನೋಡಿದಳು. ಹೇಗೆ ಮಾಡಿದರೂ ಕಲ್ಲಿನ ಸಾಲಿಗೆ ಹೊಂದಲಿಲ್ಲ. ಕುಲುಮೆಯ ತಾಪಮಾಪಕ ಕೆಟ್ಟಿದೆಯೆಂದಳು, ಆಮೇಲೆ ತನ್ನ ಎಣಿಕೆ ಕೆಟ್ಟಿದೆಯೆಂದಳು. ಮನೆಗೆ ಬಂದರೆ ಜೋಳದ ರೊಟ್ಟಿಯನ್ನು ಮುರಿದು ಮುರಿದು ತಟ್ಟೆಯಲ್ಲೇ ಬಿಡುತ್ತಿದ್ದಳು. ಕಣ್ಣಿನ ಕೆಳಗೆ ಕಪ್ಪು ಬಂದಿತ್ತು. "ಇನ್ನೊಂದು ರೊಟ್ಟಿ ಹಾಕಿಸ್ಕೋ" ಎನ್ನುತ್ತಿದ್ದೆ ನಾನು. ಮೂರು ತಿಂಗಳು ನನ್ನ ಬಾಯಿಂದ ಹೊರಟ ಅತ್ಯಂತ ಪ್ರಾಮಾಣಿಕ ಮಾತು ಅದೊಂದೇ.

ಸಂಕ್ರಾಂತಿಗೆ ಇಬ್ಬರೂ ವಿಜಯವಾಡಕ್ಕೆ ಹೊರಟೆವು. ಸರೋಜಾ ಮೊದಲೇ ಹೋಗಿದ್ದಳು. ತುನಿ ದಾಟಿದ ಮೇಲೆ, ಕಿಟಕಿಯ ಹೊರಗೆ ನೋಡುತ್ತ ವೈಜು ಹೇಳಿದಳು: "ಹಬ್ಬ ಮುಗದ ಮ್ಯಾಲ ಈ ವಿಷಯ ಬಿಟ್ಟುಬಿಡ್ತೀನ್ರಿ ಮಾಮಾ. ನನಗ ಹರಳು ಎಣಸಲಿಕ್ಕೇ ಬರೂದಿಲ್ಲ."

ನಾನು ಹೇಳಿಬಿಟ್ಟೆ. ಬಕೆಟ್ಟು, ಸೋಪಿನ ಪುಡಿ, ತೇಲಿದ ಪಟ್ಟಿ, ತಿದ್ದಿದ ನಂಬರು, ಯಾವುದನ್ನೂ ಬಿಡಲಿಲ್ಲ. ಹೇಳುವಾಗ ಅವಳ ಮುಖ ನೋಡಲಾಗದೆ ಎದುರಿನ ಸೀಟಿನ ಕೆಳಗಿದ್ದ ಯಾರದೋ ಚಪ್ಪಲಿಗಳನ್ನು ನೋಡುತ್ತಿದ್ದೆ. ಅವು ಬಹಳ ಕೊಳೆಯಾಗಿದ್ದವು.

ಅವಳು ಕೇಳಿದ ಮೊದಲ ಪ್ರಶ್ನೆ, "ಆ ಕೆಂಪು?"

"ಕುಂಕುಮ."

"ಅಯ್ಯ ಬಾಬೋಯ್!" ಎಂದು ನಕ್ಕಳು. ನಗು ಹಾಗೇ ಮುಂದುವರಿದು, ನಡುವೆ ಎಲ್ಲೋ ಅಳುವಾಯಿತು. ಸಾಮರ್ಲಕೋಟೆ ಬಂದಾಗ ದುಪಟ್ಟಾದಿಂದ ಮುಖ ಒರೆಸಿಕೊಂಡಳು. ಆಮೇಲೆ ಮೆಲ್ಲಗೆ ಹೇಳಿದಳು: "ಕಲ್ಲು ಹೋದರ ಹೋಗ್ಲಿ, ಇನ್ನೊಂದು ತರತೀನಿ. ಮೂರು ತಿಂಗಳು ನನಗ ನನ್ನ ಕಣ್ಣಿನ ಮ್ಯಾಲ ನಂಬಿಕಿ ಇರಲಿಲ್ಲ, ಮಾಮಾ. ಅವು ಸರಿಯಾಗೇ ನೋಡಿದ್ದವು."

ಬೈದಿದ್ದರೆ ಚೆನ್ನಾಗಿತ್ತು. ನನ್ನ ಅರವತ್ತರ ಹತ್ತಿರದ ಆಯುಷ್ಯದಲ್ಲಿ ನೆಲ ಬಾಯಿ ಬಿಡಬಾರದೇ ಎಂದು ನಿಜವಾಗಿ ಅನ್ನಿಸಿದ್ದು ಆಗ. ಕೆಳಗೆ ರೈಲಿನ ಹಲಗೆಯಿತ್ತು, ಅದು ಬಿಡಲಿಲ್ಲ. ಅವತ್ತೇ ನೀರಿಗೆ ಬೀಳಿಸಿದ್ದರೆ ಗಾಜಿನ ಚೂರಾಗುತ್ತಿದ್ದ ತಪ್ಪನ್ನು, ಗಂಟೆಗೆ ಮೂರು ಡಿಗ್ರಿಯಂತೆ ಮೂರು ತಿಂಗಳು ಆರಲು ಬಿಟ್ಟು, ಅಂಗೈಯಗಲದ ಹರಳು ಬೆಳೆಸಿದ್ದೆ.

ರಾಜಮಹೇಂದ್ರವರ ಬಂದಾಗ ಅವಳು ಎದ್ದು ಬ್ಯಾಗು ಇಳಿಸಿದಳು. "ಇಳೀರಿ," ಎಂದಳು, ಅಷ್ಟೇ. ಆಟೋ ಹಿಡಿದು ಕ್ವಾರಿಗೆ ಹೋದೆವು. ಹಬ್ಬದ ರಜೆ; ಅವಳ ಗುರುತಿದ್ದ ಕಾವಲುಗಾರ ಎರವಲು ಕೊಟ್ಟ ಸುತ್ತಿಗೆಯಿಂದ ಅವಳು ಗೋಡೆಯ ಬುಡದಿಂದ ಒಡೆಯುತ್ತ ಹೋದಳು. ಆಟೋದವನಿಗೆ ಹೇಳಿ ತರಿಸಿದ ಬಿಳಿ ಪೇಂಟಿನಲ್ಲಿ ನಂಬರು ಬರೆದವನು ನಾನು. ಒಂದೊಂದು ಕಲ್ಲು ಬಂದಾಗಲೂ ಎತ್ತರವನ್ನು ಎರಡು ಸಲ ಕೇಳಿ ಬರೆದೆ. ನನ್ನ ಹಬ್ಬದ ಬಿಳಿ ಪಂಚೆ ಕಲ್ಲಿನ ಧೂಳಿನಿಂದ ಬೂದುಬಣ್ಣಕ್ಕೆ ತಿರುಗಿತು. ಕೊಡವಿಕೊಳ್ಳಲಿಲ್ಲ.

ಕೊನೆಗೆ ಅವಳು ತನ್ನ ನೋಟುಬುಕ್ಕಿನಲ್ಲಿ ಹಳೆಯ ಹನ್ನೊಂದು ಕಲ್ಲುಗಳ ಪುಟ ತೆರೆದು, ಪೆನ್ನನ್ನು ನನ್ನ ಕೈಗೆ ಕೊಟ್ಟಳು. ಇಡೀ ಪುಟವನ್ನು ಕಾಣದಂತೆ ಗೀಚಿಹಾಕಬೇಕೆಂದು ಕೈ ತುಡಿಯಿತು. ಅವಳು ಮುಂಗೈ ಹಿಡಿದಳು.

"ಒಂದೇ ಗೆರಿ, ಮಾಮಾ. ಕೆಳಗಿಂದು ಕಾಣಬೇಕು. ನೀವೇ ಊಟಕ್ಕ ಕೂತಾಗೆಲ್ಲ ಹೇಳತೀರಲ್ಲ?"

ಒಂದೇ ಗೆರೆ ಎಳೆದೆ. ಪಕ್ಕದಲ್ಲಿ, ಕಲ್ಲುಗಳನ್ನು ತೊಳೆದು ನಂಬರು ಬದಲಿಸಿದವನು ನಾನು ಎಂದು ಬರೆದು, ಸಹಿ ಮತ್ತು ತಾರೀಖು ಹಾಕಿದೆ. ಕೆಳಗಿನ ತಪ್ಪು ಸ್ಪಷ್ಟವಾಗಿ ಓದಲು ಬರುತ್ತಿತ್ತು.

ಹೊಸ ಕಲ್ಲುಗಳು ನಡುವೆ ದಪ್ಪ, ತುದಿಗೆ ಸಣ್ಣ ಹರಳು ತೋರಿಸಿ, ಅವಳ ಕುಲುಮೆಯ ಮಾತನ್ನು ಒಪ್ಪಿಕೊಂಡವು. ಹಳೆಯವುಗಳಲ್ಲಿ ಒಂದನೇ ನಂಬರಿನದು ಈಗ ನಮ್ಮ ಮನೆಯ ಶೋಕೇಸಿನಲ್ಲಿದೆ, ನಾನು ಅಂಟಿಸಿದ ಸುಳ್ಳು ಪಟ್ಟಿಯ ಸಮೇತ. ವೈಜುವೇ ತಂದಿಟ್ಟದ್ದು. ಈ ವರ್ಷದ ಖಂಡೇನವಮಿಗೆ ಅದನ್ನು ನಾನು ಮುಟ್ಟಲಿಲ್ಲ. ಧೂಳು ಕೂತಿದೆ, ಕೂತಿರಲಿ. ಮನೆಗೆ ಬಂದವರು ಇದೇನೆಂದು ಕೇಳುತ್ತಾರೆ. ಬಸಾಲ್ಟ್ ಎಂದು ಹೇಳಿ ಸುಮ್ಮನಾಗಬಹುದು, ಆದರೆ ಆಗುವುದಿಲ್ಲ. ಬಕೆಟ್ಟಿನಿಂದ ಹಿಡಿದು ಕ್ವಾರಿಯವರೆಗೆ ಎಲ್ಲವನ್ನೂ ಹೇಳುತ್ತೇನೆ. ಅದಕ್ಕೇ ಸರೋಜಾ ಚಹಾದ ಕಪ್ಪು ಕೊಡುವಾಗಲೇ ಬಂದವರಿಗೆ ಹೇಳಿಬಿಡುತ್ತಾಳೆ: "ಮದ್ಲ ಚಾ ಕುಡೀರಿ. ಇವರ ಕಲ್ಲು ಇನ್ನೂ ಆರಿಲ್ಲ."