ಹಲೋ ಅಕ್ಕನ ಹತ್ತು ಸಾಲುಗಳು

ಆಸ್ಪತ್ರೆಯ ಟೆಲಿಫೋನ್ ಬೋರ್ಡಿನ ಮುಂದೆ ಕೂತು ಕೂತು ಅವಳ ನಿಜವಾದ ಹೆಸರು ಎಲ್ಲರಿಗೂ ಮರೆತೇಹೋಗಿತ್ತು. ಊರಿಗೆಲ್ಲ ಅವಳು ಹಲೋ ಅಕ್ಕ. ದನಿ ಬೆಣ್ಣೆಯಂಥದು. ಹಟಕ್ಕೆ ಬಿದ್ದಳೆಂದರೆ ಮಾತ್ರ ಯಾರಿಗೂ ಜಗ್ಗುವವಳಲ್ಲ.

ಅವಳ ಅಪ್ಪ ಯುದ್ಧದಲ್ಲಿ ಫೋನಿನ ತಂತಿ ಎಳೆಯುವ ಸಿಪಾಯಿಯಾಗಿದ್ದ. ಸೋತ ಜರ್ಮನ್ ಸೈನ್ಯ ಬಿಟ್ಟುಹೋದ ಎರಡು ಫೋನುಗಳನ್ನು ಮನೆಗೆ ತಂದಿದ್ದ. ಕಪ್ಪು ಪೆಟ್ಟಿಗೆ, ಹೆಗಲಿಗೆ ತೊಗಲಿನ ಪಟ್ಟಿ, ಪಕ್ಕದಲ್ಲೊಂದು ತಿರುಗಿಸುವ ಹಿಡಿ. ಮಹಡಿಯಲ್ಲಿ ಅಪ್ಪ ಗರಗರ ತಿರುಗಿಸಿದರೆ ಮೆಟ್ಟಿಲಡಿಯಿಂದ ಮಗಳು ಓಗೊಡುತ್ತಿದ್ದಳು.

ಅಪ್ಪ ತೀರಿಕೊಂಡದ್ದೇ ತಡ, ಅಣ್ಣ ಆ ಜೋಡಿಯನ್ನು ತನ್ನ ಗೆಳೆಯನಿಗೆ ಕೊಟ್ಟುಬಿಟ್ಟ. ಗೆಳೆಯನದು ಪೀಠೋಪಕರಣದ ಅಂಗಡಿ. ಜನ ಸೋಫಾ ಸಾಹುಕಾರ ಎನ್ನುತ್ತಿದ್ದರು. ಯುದ್ಧದ ಹಳೇ ಸಾಮಾನು ಕೂಡಿಡುವ ಖಯಾಲಿ ಅವನಿಗೆ. ವಾಪಸು ಕೇಳಲು ಹೋದವಳಿಗೆ ಗಿರಾಕಿಗಳೆದುರೇ ಗಾಜಿನ ಬೀರು ತೋರಿಸಿ, "ಇವು ನಮ್ಮಪ್ಪ ಯುದ್ಧದಿಂದ ತಂದಿದ್ದು ಕಣಮ್ಮ. ನಿನಗ್ಯಾಕೆ ಇದೆಲ್ಲ? ಮಿಕ್ಸಿ ಗಿಕ್ಸಿ ಬೇಕಿದ್ರೆ ಹೇಳು," ಎಂದು ನಕ್ಕ. ಜೊತೆಗಿದ್ದ ಅಣ್ಣನೂ ಹಲ್ಲು ಕಿರಿದ.

ಅವಳು ಅಳಲಿಲ್ಲ. ತಾನೂ ಕೂಡಿಡತೊಡಗಿದಳು. ಗುಜರಿಯಾಗಲಿ, ಹರಾಜಾಗಲಿ, ಜರ್ಮನ್ ಫೋನು ಬಂದಿದೆಯೆಂದರೆ ಸೋಫಾ ಸಾಹುಕಾರ ಬರುವ ಮೊದಲೇ ಅವಳು ಹಾಜರ್. ಬೆನ್ನಿಗೆ ಹೊರುವ ತಂತಿಯ ರಾಟೆಗಳು ಬಂದವು, ಕೊನೆಗೆ ಹತ್ತು ಫೋನುಗಳನ್ನು ಒಂದಕ್ಕೊಂದು ಕೂಡಿಸುವ, ಹತ್ತು ಸಾಲುಗಳ ಪುಟ್ಟ ಎಕ್ಸ್‌ಚೇಂಜೂ ಬಂತು.

"ನಾವೆಲ್ಲಿ ಮಲಗೋದು, ಅದನ್ನಾದ್ರೂ ಹೇಳು ಮಾರಾಯ್ತಿ," ಎಂದ ಗಂಡ.

"ಸೇಡು ತೀರೋ ತನಕ ಒಂದೇ ಮಗ್ಗುಲಲ್ಲಿ ಮಲಗಿ."

ವರ್ಷಗಳ ಮೇಲೆ ಸೋಫಾ ಪುರಭವನದಲ್ಲಿ ಪ್ರದರ್ಶನ ಇಟ್ಟ. ಕೋಣೆಗೊಂದು ಫೋನು ಇಟ್ಟು ಅತಿಥಿಗಳಿಂದ ಮಾತಾಡಿಸುವ ಆಸೆ. ಅವನ್ನೆಲ್ಲ ಕೂಡಿಸುವ ಎಕ್ಸ್‌ಚೇಂಜ್ ಮಾತ್ರ ಇಲ್ಲ. ಬಾಯಲ್ಲಿ ಸಕ್ಕರೆ ಸುರಿಸುತ್ತ ಅವಳ ಬಾಗಿಲಿಗೇ ಬಂದ.

"ಕೊಡ್ತೀನಿ. ಆದ್ರೆ ಕೂತು ನಡೆಸೋದು ನಾನೇ," ಎಂದಳು.

ಪ್ರದರ್ಶನದ ದಿನ ಕೋಣೆಕೋಣೆಯಲ್ಲೂ ಅತಿಥಿಗಳು ಫೋನು ಕಿವಿಗಿಟ್ಟುಕೊಂಡು ಕಾದಿದ್ದರು. ಕಿವಿಗಿಡುವ ಹಿಡಿಕೆಯಲ್ಲಿದ್ದ ಗುಂಡಿ ಒತ್ತಿದರಷ್ಟೇ ದನಿ ಆಚೆ ಹೋಗುವುದು. ಇಲ್ಲದಿದ್ದರೆ ಬರೀ ಕೇಳಿಸಿಕೊಳ್ಳಬಹುದು. ಮೊದಲ ಕರೆ ಸೋಫಾನದೇ, ಕಡೆಯ ಕೋಣೆಯಲ್ಲಿದ್ದ ಅಣ್ಣನಿಗೆ. ಅವಳು ಇಬ್ಬರನ್ನೂ ಕೂಡಿಸಿದಳು. ಇಬ್ಬರೇ ಸಿಕ್ಕರೆ ಇವರ ನಾಲಿಗೆಗೆ ಲಗಾಮಿಲ್ಲವೆಂದು ಅವಳಿಗೆ ಗೊತ್ತಿತ್ತು. ಸದ್ದಿಲ್ಲದೆ ಮಿಕ್ಕ ಕೋಣೆಗಳ ಸಾಲುಗಳನ್ನೂ ಒಂದೊಂದಾಗಿ ಚುಚ್ಚಿ ಅದೇ ಮಾತಿಗೆ ಕೂಡಿಸಿದಳು.

"ನಿಮ್ಮಪ್ಪನ ಯುದ್ಧದ ಕತೆ ಎಲ್ರೂ ನಂಬಿದ್ರಾ?" ಅಣ್ಣ ಕೇಳಿದ.

"ನಮ್ಮಪ್ಪಂದು ಎಲ್ಲಿಯ ಯುದ್ಧ! ಅಮ್ಮ ಗದರಿದ್ರೆ ಮಂಚದ ಕೆಳಗೆ ತೂರ್ತಿದ್ದ. ಪೆಟ್ಟಿಗೆ ನಿಮ್ಮಪ್ಪಂದು, ಹೆಸರು ನಮ್ಮಪ್ಪಂಗೆ. ನಿನ್ನ ತಂಗಿ ನೋಡು, ನನಗೇ ತಂತಿ ಚುಚ್ಚಿಕೊಡ್ತಾ ಕೂತಿದ್ದಾಳೆ ಪೆದ್ದಿ!"

"ಅವಳಿಗೆಲ್ಲಿ ಗೊತ್ತಾಗುತ್ತೆ ಬಿಡು," ಅಣ್ಣ ನಕ್ಕ.

ಅವಳು ತನ್ನ ಫೋನಿನ ಗುಂಡಿ ಒತ್ತಿದಳು. ಅದೇ ಬೆಣ್ಣೆ ದನಿ. "ಎಲ್ಲ ಕೋಣೆಯವರಿಗೂ ನಮಸ್ಕಾರ. ಮಾತಾಡ್ತಿರೋದು ಪೆದ್ದಿ. ಇವರಿಬ್ಬರ ಮಾತು ಸರಿಯಾಗಿ ಕೇಳಿಸ್ತಾ?"

ಯಾರೋ ಕಿಸಕ್ಕೆಂದರು; ನಗೆ ಕೋಣೆಯಿಂದ ಕೋಣೆಗೆ ಹಬ್ಬಿತು. ಅತಿಥಿಗಳಲ್ಲಿದ್ದ ಸುದ್ದಿಪತ್ರಿಕೆಯವನಂತೂ ಫೋನು ಬಿಸಾಡಿ ಸೋಫಾನನ್ನು ಹುಡುಕಿಕೊಂಡು ಓಡಿದ. ಸೋಫಾ ಹಿಂಬಾಗಿಲಿನಿಂದ ಕಂಬಿ ಕಿತ್ತಿದ್ದ.

ಅಣ್ಣ ಕೆಂಡವಾಗಿ ಬಂದ. "ಒಡಹುಟ್ಟಿದವಳು ಹೀಗೆ ಮಾನ ಕಳೀತೀಯಾ?"

"ಅಪ್ಪನ ಮಾನ ಬೀರುವಿನಲ್ಲಿಟ್ಟು ಬೀಗ ಹಾಕಿದಾಗ ನೀನೂ ಒಡಹುಟ್ಟಿದವನೇ ಆಗಿದ್ದೆ," ಎಂದಳು. ಅಂಥ ಸುಖ ಅವಳು ಎಂದೂ ಕಂಡಿರಲಿಲ್ಲ.

ಮರುದಿನವೇ ಸೋಫಾನ ಅಂಗಡಿಯ ಆಳು ಜೋಡಿ ಫೋನುಗಳನ್ನು ತಂದು ಜಗುಲಿಯ ಮೇಲಿಟ್ಟು ಹೋದ. ಅತ್ತಿಗೆ ಮಾತು ಬಿಟ್ಟಳು. ಅಣ್ಣನ ಮಗಳ ಮದುವೆಗೆ ಕರೆಯೂ ಬರಲಿಲ್ಲ. ಅದು ನೋಯಲಿಲ್ಲವೆಂದರೆ ಸುಳ್ಳಾಗುತ್ತದೆ. ಆ ಹುಡುಗಿಯನ್ನು ಎತ್ತಿ ಆಡಿಸಿದವಳು ಅವಳೇ.

ಮದುವೆಯಾದ ಮೇಲೆ ಆ ಹುಡುಗಿಯೇ ಬಂದು, "ಅಪ್ಪ ಕ್ಷಮಿಸು ಅಂದ್ರೆ ಮಾತಾಡ್ತೀಯಾ ಅತ್ತೆ?" ಎಂದು ಕೇಳಿದಳು.

"ಎದುರಿಗೆ ಬಂದು ಅನ್ನಲಿ, ಆಮೇಲೆ ನೋಡೋಣ."

ಅಣ್ಣ ಇನ್ನೂ ಬಂದಿಲ್ಲ. ಅವಳೂ ಹೇಳಿಕಳಿಸಿಲ್ಲ.