ಇಟಲಿಯ ಹಡಗಿನಲ್ಲಿ ‘ಯಾಕೋ’

ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಕೊರೊನಾ ಕಾಲದಲ್ಲಿ ಆ ಮೂಗನ್ನು ಮಾಸ್ಕಿನೊಳಗೆ ಮುಚ್ಚಿಟ್ಟರೂ ಕೋಪ ಒಳಗೆ ಉಳಿಯಲಿಲ್ಲ.

ಡಬ್ಲಿನ್ ವಿಮಾನ ನಿಲ್ದಾಣದ ಒಂದು ಹೋಟೆಲಿನಲ್ಲಿ ಅಡುಗೆಯವನಾಗಿದ್ದೆ. ವಿಮಾನಗಳು ನಿಂತವು, ಹೋಟೆಲು ಮುಚ್ಚಿತು. ನಿಲ್ದಾಣದ ಪಕ್ಕದ ಸ್ವೋರ್ಡ್ಸ್ ಊರಿನ ಮನೆಯಲ್ಲಿ ಕೂತು ಹೆಂಡತಿಗೆ ಸಾರಿನ ಹದ ಕಲಿಸಲು ಹೋಗಿ ಬೈಸಿಕೊಳ್ಳುತ್ತಿದ್ದಾಗ, ಫ್ರಾನ್ಸಿಗೆ ಹೋಗಿಬರುವ ಹಡಗಿನ ಅಡುಗೆಮನೆಯಲ್ಲಿ ಕೆಲಸ ಸಿಕ್ಕಿತು. ಇಟಲಿಯಿಂದ ಬಾಡಿಗೆಗೆ ತಂದ ಹಡಗು. ಕೆಳಗೆ ಕಾರು, ಲಾರಿ, ಮೇಲೆ ಜನ. ಆಗ ಜನ ಎಂದರೆ ಹೆಚ್ಚಾಗಿ ಲಾರಿ ಡ್ರೈವರುಗಳೇ. ನನಗೆ ಮೂರು ತಿಂಗಳ ಟ್ರಯಲ್. ಪಾಸಾದರೆ ಕಾಯಂ, ಐರ್ಲೆಂಡಿನಲ್ಲಿ ಉಳಿಯುವ ಪರ್ಮಿಟ್ಟೂ ಅದರ ಮೇಲೆಯೇ ನಿಂತಿತ್ತು. ಇಲ್ಲದಿದ್ದರೆ ನಾನು, ಹೆಂಡತಿ, ಮಗಳು ಮೂವರೂ ಉಡುಪಿಗೆ ಪೆಟ್ಟಿಗೆ ಕಟ್ಟಬೇಕು.

ಹಡಗಿನ ಬೋರ್ಡುಗಳೆಲ್ಲ ಇಟಲಿಯ ಭಾಷೆಯಲ್ಲಿ. ನಲ್ಲಿಯ ಮೇಲಿನ ‘ಸಿ’ ಅಕ್ಷರ ನೋಡಿ ಕೋಲ್ಡ್ ಎಂದುಕೊಂಡು ತಿರುಗಿಸಿ ಕೈ ಸುಟ್ಟುಕೊಂಡೆ. ಅವರಲ್ಲಿ ಅದು ‘ಕಾಲ್ದೊ’, ಬಿಸಿನೀರಂತೆ.

ಮುಖ್ಯ ಬಾಣಸಿಗರು ಅರವತ್ತರ ಆಸುಪಾಸಿನ ಇಟಲಿಯವರು. ಇಂಗ್ಲಿಷ್ ಅಷ್ಟಕ್ಕಷ್ಟೆ. ಮೊದಲ ದಿನ ಚಾಕು ಕೊಡುತ್ತಾ ‘ಯಾಕೋ!’ ಎಂದರು. ಈರುಳ್ಳಿ ಚೀಲ ಕೊಟ್ಟರು, ‘ಯಾಕೋ!’ ಏಪ್ರನ್ ಕೊಟ್ಟರು, ‘ಯಾಕೋ!’ ಇಟಲಿಯವರಿಗೆ ಕನ್ನಡ ಬರುವುದಿಲ್ಲ ಎಂದು ನನಗೂ ಗೊತ್ತು. ಆದರೆ ನಲವತ್ತೈದು ದಾಟಿದವನನ್ನು ದಿನಕ್ಕೆ ಐವತ್ತು ಸಲ ಹೀಗೆ ಕರೆದರೆ ಬುದ್ಧಿ ಸಮಾಧಾನ ಮಾಡಿಕೊಳ್ಳುತ್ತದೆ, ಕಿವಿ ಮಾಡಿಕೊಳ್ಳುವುದಿಲ್ಲ.

ಹೆಂಡತಿ ಹೇಳಿದಳು, “ಕೋಪದಲ್ಲಿ ಕೊಯ್ದ ಮೂಗು ಶಾಂತವಾದ್ಮೇಲೆ ಬರಲ್ಲ ರೀ. ಸುಮ್ನೆ ಕೆಲ್ಸ ಮಾಡ್ಕೊಂಡು ಬನ್ನಿ.”

ಎರಡನೇ ವಾರ ತಡೆಯಲಾಗಲಿಲ್ಲ. ಅವರು ‘ಯಾಕೋ’ ಎಂದು ಸೌಟು ನೀಡಿದರು, ನಾನು ‘ಏನೋ!’ ಎಂದೆ. ಮುಯ್ಯಿಗೆ ಮುಯ್ಯಿ. ಅರ್ಥವಾಗದವರನ್ನು ಏಕವಚನದಲ್ಲಿ ಕರೆಯುವ ಸುಖವೇ ಬೇರೆ. ಅಂದಿನಿಂದ ಅವರ ಪ್ರತಿ ಯಾಕೋಗೆ ನನ್ನದೊಂದು ಏನೋ.

ಅವರ ವರ್ತನೆ ಬದಲಾಯಿತು. ಮೊದಲು ಗ್ಲೌಸ್ ಹಾಕಿಕೊಂಡು ಕೊಟ್ಟರು. ಆಮೇಲೆ ಸಾಮಾನನ್ನು ಸ್ಯಾನಿಟೈಸರಿನಲ್ಲಿ ಒರೆಸಿ, ಮೇಜಿನ ತುದಿಯಲ್ಲಿಟ್ಟು, ದೂರ ಸರಿದು ನಿಲ್ಲತೊಡಗಿದರು. ನನಗೆ ಮೈಯೆಲ್ಲ ಉರಿಯಿತು. ಕೈಗೆ ಕೊಡದೆ ದೂರ ಇಡುವುದೆಂದರೆ ಏನೆಂದು ನಮ್ಮ ಊರುಗಳವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನನ್ನ ‘ಏನೋ’ ಇನ್ನೂ ಜೋರಾಯಿತು.

ಟ್ರಯಲ್ ಮುಗಿಯುವ ವಾರ ಹಡಗಿನ ಐರಿಷ್ ಮ್ಯಾನೇಜರಮ್ಮ ಕರೆಸಿದರು. ಎದುರಿಗೆ ಬಾಣಸಿಗರ ವರದಿ ಇತ್ತು.

“ನಿಮ್ಮ ಕೆಲ್ಸ ಗ್ರ್ಯಾಂಡ್ ಅಂತ ಬರೆದಿದ್ದಾರೆ. ಆದ್ರೆ ಬೇರೆ ಹಡಗಿಗೆ ಹಾಕಿ ಅಂದಿದ್ದಾರೆ. ನಮ್ಮಲ್ಲಿ ಬೇರೆ ಹಡಗಿಲ್ಲ.”

“ಯಾಕೆ ಮೇಡಂ?”

“ಅವರು ಏನೇ ಕೊಟ್ರೂ ‘ಏ, ನೋ!’ ಅಂತೀರಂತೆ. ಅವರ ಭಾಷೆಲಿ ಅಂದ್ರೆ ‘ಅಯ್ಯೋ, ಬೇಡ’ ಅಂತ. ಇಟಲಿಯವರ ಕೈಯಿಂದ ರೋಗ ಬರುತ್ತೆ ಅಂತ ನಿಮಗೆ ಭಯ ಇರ್ಬೇಕು ಅಂದ್ಕೊಂಡಿದ್ದಾರೆ.”

“ಮತ್ತೆ ಅವರು ನನಗೆ ಯಾಕೋ, ಯಾಕೋ ಅಂತಾರಲ್ಲ?”

“ಅದು ಯಾಕೋ ಅಲ್ಲ, ಎಕ್ಕೋ! ‘ಇಗೋ, ತಗೊಳ್ಳಿ’ ಅಂತ.”

ನಾನು ಯಾಕೋ, ಏನೋ ಎರಡನ್ನೂ ಬಿಡಿಸಿ ಹೇಳಿದೆ. ಆಕೆ ಮಾಸ್ಕು ಜಾರುವಷ್ಟು ನಕ್ಕರು. ಆಮೇಲೆ ನಗು ನಿಲ್ಲಿಸಿ ವರದಿಯ ಕೊನೆಯ ಸಾಲು ಓದಿದರು: ‘ನನ್ನ ಅಣ್ಣ ಇದೇ ರೋಗಕ್ಕೆ ಹೋದ. ಇವನ ಭಯ ನನಗೆ ಅರ್ಥವಾಗುತ್ತದೆ, ಇವನ ಮನೆಯಲ್ಲಿ ಮಗುವಿದೆ. ದಯವಿಟ್ಟು ಕೆಲಸ ತೆಗೆಯಬೇಡಿ.’

ನಾಚಿಕೆಯಿಂದ ಕುಗ್ಗಿಹೋದೆ.

“ಅವರೇ ವರದಿ ತಿದ್ದಿದ್ರೆ ನಾನು ಸಹಿ ಹಾಕ್ತೀನಿ,” ಎಂದರು ಮ್ಯಾನೇಜರಮ್ಮ.

ಕೆಳಗಿಳಿದು ಹೋದೆ. ಬಾಣಸಿಗರು ಬೆಳ್ಳುಳ್ಳಿ ಸುಲಿದು, ಬಟ್ಟಲು ಒರೆಸಿ, ಎಂದಿನಂತೆ ಮೇಜಿನ ತುದಿಯಲ್ಲಿಟ್ಟು ದೂರ ಸರಿದರು. ನಾನು ಬಟ್ಟಲು ಎತ್ತಿಕೊಳ್ಳಲಿಲ್ಲ. ಎರಡೂ ಕೈ ಚಾಚಿ ನಿಂತೆ. ಅವರಿಗೆ ಅರ್ಥವಾಗಲು ತುಸು ಹೊತ್ತು ಬೇಕಾಯಿತು. ಕೊನೆಗೆ ಗ್ಲೌಸು ಕಳಚಿ, ಬಟ್ಟಲನ್ನು ಎತ್ತಿ, ಈ ಸಲ ‘ಎಕ್ಕೋ’ ಎನ್ನದೆ ನನ್ನ ಕೈಯ ಬಳಿ ತಂದರು.

“ಕೊಡಿ ಸರ್, ಕೊಡಿ,” ಎಂದೆ.