ತಾವರೆ ತೊಟ್ಟಿಯ ಮೀನುಗಳು

ಏಳು ಮೀನು ಎಂದೇ ಇಷ್ಟು ದಿನ ಹೇಳಿಕೊಂಡು ಬಂದಿದ್ದೇನೆ, ಆದರೆ ಐದೇ ಇದ್ದಿರಬಹುದು. ನೀರು ತುಂಬಿದ ಪ್ಲಾಸ್ಟಿಕ್ ಕವರಿನೊಳಗೆ ಅವು ಒಂದರ ಹಿಂದೊಂದು ಅಡಗುತ್ತಿದ್ದವು. ಕೆಂಗೇರಿಯ ಗೆಳೆಯ ಕೊಟ್ಟ ಆ ಪುಟ್ಟ ಗಪ್ಪಿ ಮೀನುಗಳನ್ನು ಮೆಟ್ರೋದಲ್ಲಿ ತೊಡೆಯ ಮೇಲಿಟ್ಟುಕೊಂಡು ವಿಜಯನಗರಕ್ಕೆ ತಂದದ್ದು ಖಂಡಿತ. ಖಂಡಿತ ಎಂದು ಬರೆದ ಕೂಡಲೇ, ಆಟೋದಲ್ಲಿ ಬಂದೆನೇನೋ ಅನ್ನಿಸುತ್ತದೆ.

ತಂದ ಕಾರಣದ ಬಗ್ಗೆ ಅನುಮಾನವಿಲ್ಲ. ನನ್ನ ಹೆಂಡತಿ ತಾರಸಿಯ ಸಿಮೆಂಟ್ ತೊಟ್ಟಿಯಲ್ಲಿ ತಾವರೆ ಹಾಕಿದ್ದಳು. ಕೆಳಗಿನ ಮನೆಯ ಓನರ್ ಆಂಟಿ ಒಂದು ದಿನ ಮೇಲೆ ಬಂದು, ನೀರಿನಲ್ಲಿ ಕುಣಿಯುತ್ತಿದ್ದ ಸೊಳ್ಳೆ ಹುಳಗಳನ್ನು ಬಗ್ಗಿ ನೋಡಿದರು.

"ಏನಮ್ಮಾ, ಹೂ ಬೆಳೀತಿದೀಯೋ ಡೆಂಗ್ಯೂ ಬೆಳೀತಿದೀಯೋ? ಇನ್ನೊಂದ್ಸಲ ಹುಳ ಕಂಡ್ರೆ ತೊಟ್ಟಿ ಎತ್ತಿಸ್ಬಿಡ್ತೀನಿ."

"ಬೇಡ ಆಂಟಿ, ಮೀನು ಬಿಡ್ತೀವಿ," ಎಂದಳು ಹೆಂಡತಿ.

ಮೀನುಗಳು ಹುಳಗಳನ್ನು ವಾರದೊಳಗೆ ಮುಗಿಸಿದವು. ಆಮೇಲೆ ಮರಿ ಹಾಕಿದವು, ಮರಿಗಳೂ ಮರಿ ಹಾಕಿದವು. ಭಾನುವಾರ ಬೆಳಿಗ್ಗೆ ಕಾಫಿ ಲೋಟ ಹಿಡಿದು ಎಣಿಸಲು ಕೂರುತ್ತಿದ್ದೆ; ಮೂವತ್ತು ದಾಟಿದ ಮೇಲೆ ಎಲ್ಲ ಅಂದಾಜು. ತೊಟ್ಟಿ ಚಿಕ್ಕದು, ಅದರ ಪಾಚಿ, ಹುಳ ಎಷ್ಟು ಹೊಟ್ಟೆಗೆ ಸಾಕಾಗಬೇಕು? ಒಂದು ಹಂತದಲ್ಲಿ ಸಂಖ್ಯೆ ನಿಲ್ಲಬೇಕಿತ್ತು. ತಾಯಿ ಮೀನು ತನ್ನ ಮರಿಯನ್ನೇ ನುಂಗುವುದನ್ನು ಕಂಡ ದಿನ, ನಿಲ್ಲುವುದೆಂದರೆ ಹೀಗೆ ಎಂದುಕೊಂಡೆ. ನಿಲ್ಲಲಿಲ್ಲ. ಹೆಚ್ಚುತ್ತಲೇ ಹೋದವು. ನೀರು ನಾರತೊಡಗಿತು. ಮೀನುಗಳು ಬಾಯಿ ಮೇಲೆತ್ತಿ ಉಸಿರಿಗೆ ಒದ್ದಾಡಿದವು.

ನಮ್ಮ ಬೀದಿಯಲ್ಲಿ ಬೋರ್ ನೀರು ಪಾತ್ರೆಗೆ, ಬಟ್ಟೆಗೆ. ದಿನ ಬಿಟ್ಟು ದಿನ ಬರುವ ಕಾವೇರಿ ನೀರು ಕುಡಿಯುವುದಕ್ಕೆ, ಪೂಜೆಗೆ. ಪಾಪದ ಮೀನುಗಳಿಗೆ ಒಳ್ಳೆಯದೇ ಸಿಗಲಿ ಎಂದು ತೊಟ್ಟಿಯ ನೀರನ್ನು ಮುಕ್ಕಾಲು ಪಾಲು ಚೆಲ್ಲಿ, ಆಗಷ್ಟೇ ನಲ್ಲಿಯಲ್ಲಿ ಬಂದ ಕಾವೇರಿಯನ್ನು ಬಿಂದಿಗೆಗಟ್ಟಲೆ ಸುರಿದೆ. ಮಧ್ಯಾಹ್ನಕ್ಕೆ ನೀರಿನ ಮೇಲೆಲ್ಲ ಬಿಳಿ ಹೊಟ್ಟೆಗಳು.

ಸಂಜೆ ಓನರ್ ಆಂಟಿ ಸೆರಗಿನಡಿ ಏನೋ ಹಿಡಿದು ಮೇಲೆ ಬಂದರು.

"ಏನಯ್ಯಾ ಮಾಡ್ದೆ?"

"ಕಾವೇರಿ ನೀರು ಹಾಕ್ದೆ ಆಂಟಿ."

"ಅಯ್ಯೋ ದಡ್ಡಪ್ಪಾ! ಅದ್ರಲ್ಲಿ ಕ್ಲೋರಿನ್ ಇರತ್ತಲ್ಲೋ! ಒಂದು ದಿನ ಬಿಸ್ಲಲ್ಲಿ ಇಟ್ಟು ಹಾಕೋದಲ್ವಾ?"

ಕೈ ಬೀಸಿ ಬೈಯುವಾಗ ಸೆರಗು ಸರಿದು ಅನ್ನದ ಬಟ್ಟಲು ಕಾಣಿಸಿತು. ಹೆಂಡತಿ ನಕ್ಕೇಬಿಟ್ಟಳು.

"ನೀರು ನಾರ್ತಿದ್ದಿದ್ದು ಅದಕ್ಕಾ ಆಂಟಿ?"

"ದಿನಾ ಒಂದ್ ಹಿಡಿ ಅಷ್ಟೇ ಕಣೇ. ಹಸ್ಕೊಂಡಿದ್ವು," ಎಂದರು ಆಂಟಿ. ಕೂಡಲೇ ದನಿ ಬಿಗಿ ಮಾಡಿಕೊಂಡು, "ಅದೆಲ್ಲಾ ಇರ್ಲಿ. ಒಂದು ವಾರ ಟೈಮ್ ಕೊಡ್ತೀನಿ. ಹುಳ ಬಂದ್ರೆ ತೊಟ್ಟಿ ಇರಲ್ಲ."

ತೊಟ್ಟಿ ತುಂಬಿ ತುಳುಕಿದ್ದು ಅವರ ಅನ್ನದಿಂದ, ಖಾಲಿಯಾದದ್ದು ನನ್ನ ನೀರಿನಿಂದ. ಎಲೆಯ ಕೆಳಗೆ ಎರಡೇ ಮೀನು ಉಳಿದಿದ್ದವು. ನಾಲ್ಕನೆಯ ದಿನವೇ ಹುಳಗಳು ಬಂದವು, ಎರಡು ಬಾಯಿಗೆ ಮುಗಿಯದಷ್ಟು. ಹೆಂಡತಿ ಬೆಳಿಗ್ಗೆ ಟೀ ಜರಡಿಯಲ್ಲಿ ಅವನ್ನು ಸೋಸಿ ತೆಗೆಯುತ್ತಿದ್ದಳು. ತೊಟ್ಟಿಯಲ್ಲಿ ಆಗ ಮೊದಲ ಮೊಗ್ಗು ಮೇಲೆದ್ದಿತ್ತು. ನಾನು ಮೆಟ್ಟಿಲ ಕಡೆ ಕಿವಿಯಿಟ್ಟು ನಿಲ್ಲುತ್ತಿದ್ದೆ.

ಏಳನೆಯ ದಿನವೋ ಎಂಟನೆಯ ದಿನವೋ, ಜರಡಿ ಹಿಡಿದವಳು ಕೂಗಿದಳು: "ಬನ್ನಿ ಇಲ್ಲಿ, ಎಂಟು ಮೀನಿವೆ!"

ಹುಳಗಳು ಮುಗಿದವು, ತೊಟ್ಟಿ ಉಳಿಯಿತು. ಮೊದಲ ತಾವರೆಯನ್ನು ಆಂಟಿಯೇ ಕೊಯ್ದು ಶಿವಪೂಜೆಗೆ ಒಯ್ದರು. ಈಗ ಯಾರೂ ಅನ್ನ ಹಾಕುವುದಿಲ್ಲ. ಮೀನುಗಳು ಇಪ್ಪತ್ತರ ಆಸುಪಾಸು, ಒಮ್ಮೆ ಎರಡು ಹೆಚ್ಚು, ಒಮ್ಮೆ ನಾಲ್ಕು ಕಡಿಮೆ. ಭಾನುವಾರ ಕಾಫಿ ಹಿಡಿದು ಅಲ್ಲೇ ಕೂರುತ್ತೇನೆ. ಆ ಹೊತ್ತು ನನಗೆ ಬೇರೇನೂ ಬೇಕೆನ್ನಿಸುವುದಿಲ್ಲ.

ಆ ಎಂಟರಲ್ಲಿ ಒಂದಕ್ಕೆ ಕಿತ್ತಳೆ ಬಾಲವಿತ್ತು. ನಮ್ಮ ಮೀನುಗಳಲ್ಲಿ ಅಂಥ ಬಾಲವನ್ನು ನಾನು ನೋಡಿದ ನೆನಪಿಲ್ಲ, ಆದರೆ ನನ್ನ ನೆನಪು ಎಂಥದ್ದೆಂದು ಮೊದಲೇ ಹೇಳಿದ್ದೇನೆ. ಆರು ಮೀನು ಬೇರುಗಳ ನಡುವೆ ಅಡಗಿ ಉಳಿದವೋ, ಆಂಟಿ ಎಲ್ಲಿಂದಲೋ ತಂದು ಬಿಟ್ಟರೋ? ಅವರು ಹೇಳಲಿಲ್ಲ, ನಾವು ಕೇಳಲಿಲ್ಲ. ನನಗೆ ಗೊತ್ತಿಲ್ಲ.